ಕಿತ್ತಳೆ ತಂತಿ

ಸತ್ತ ಕೋಳಿಮರಿಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ಬೈಕ್ ನಿಲ್ಲಿಸಿದ ರಿಪೇರಿಯ ಉಜ್ಜಪ್ಪ ಆ ಕಡೆ ನೋಡಲಿಲ್ಲ.

ಶಿಕಾರಿಪುರದಿಂದ ತಾಳಗುಂದದ ಈ ಫಾರಮ್ಮಿನವರೆಗೂ ಅವನ ತಲೆಯಲ್ಲಿದ್ದದ್ದು ಒಂದೇ ತಂತಿ, ಕಿತ್ತಳೆ ಬಣ್ಣದ್ದು. ಮರಿಗಳ ಕೋಣೆಯ ಹೀಟ್ ಪಂಪ್ ಬಿಸಿಗಾಳಿಯನ್ನೂ ಬಿಡುತ್ತದೆ, ತಣ್ಣನೆಯದನ್ನೂ ಬಿಡುತ್ತದೆ. ಅದರ ಬಿಸಿ-ತಂಪು ನಿಯಂತ್ರಿಸುವ ಥರ್ಮೋಸ್ಟಾಟಿನಲ್ಲಿ ಆ ತಂತಿ ಪಕ್ಕದ ತೂತಿಗೆ ಹೋಯಿತೋ, ಬಿಸಿ ಕೇಳಿದರೆ ತಂಪು ಬರುತ್ತದೆ. ನಿನ್ನೆ ಹಳೆಯ ಥರ್ಮೋಸ್ಟಾಟನ್ನು ಬಿಚ್ಚುವ ಮೊದಲು ಅವನು ಫೋಟೋ ತೆಗೆದಿರಲಿಲ್ಲ. ಹೊಸದನ್ನು ನೆನಪಿನ ಮೇಲೆಯೇ ಜೋಡಿಸಿದ್ದ. ಅಷ್ಟರಲ್ಲಿ ಸೊರಬದಿಂದ ಇನ್ನೊಂದು ಕೆಲಸಕ್ಕೆ ಫೋನ್ ಬಂತು. ಚಾಲೂ ಮಾಡಿ ನೋಡದೆಯೇ, “ಎಲ್ಲಾ ಸರಿ ಐತಿ, ಸಂಜಿಗೆ ಹಾಕ್ಕೊಳ್ರಿ” ಎಂದು ಹೊರಟುಬಿಟ್ಟಿದ್ದ.

“ನಿನ್ನ ಜೀವ ಇನ್ನೊಬ್ರ ಕೈಗೆ ಕೊಡಬ್ಯಾಡ, ನಿನ್ನ ಹತ್ರಾನೇ ಇರ್ಲಿ” ಎಂದು ಕರೆಂಟಿನ ಕೆಲಸ ಕಲಿಸಿದ ಮಾವ ಹೇಳಿದ್ದ. ಮೂವತ್ತು ವರ್ಷ ಉಜ್ಜಪ್ಪ ಅದನ್ನು ತಪ್ಪದೆ ಪಾಲಿಸಿದ್ದ. ನನ್ನ ಜೀವ ಕಾಪಾಡಿಕೊಂಡು ಮುನ್ನೂರು ಜೀವ ತೆಗೆದೆನಲ್ಲ! ಬೆಳಿಗ್ಗೆ ಸುದ್ದಿ ಬಂದಾಗ ನಿನ್ನೆಯ ಪ್ಯಾಂಟನ್ನೇ ಏರಿಸಿಕೊಂಡು ಬಂದಿದ್ದ. ಜೇಬಿನ ಸಾಮಾನು ದಾರಿಯುದ್ದಕ್ಕೂ ತೊಡೆಗೆ ಒತ್ತುತ್ತಿತ್ತು.

“ಯಾರ ಕೆಲಸ ಅಂತ ಗೊತ್ತಾಗೈತಿ” ಎಂದ ಫಾರಮ್ಮಿನ ಮಾಲೀಕ ಸಣ್ಣಬೀರಪ್ಪ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಉಜ್ಜಪ್ಪನ ಸ್ಥಿತಿ.

“ಇವಳದೇ. ಮಷಿನ್ನಿನ ಫ್ಯೂಸೇ ಇಲ್ಲ. ಕಿತ್ತು ಗುಜರಿಗೆ ಹಾಕ್ಯಾಳೆ. ರಾತ್ರಿ ಮಷಿನ್ನು ಚಾಲೂನೇ ಆಗಿಲ್ಲ.”

ಅವನು ಕೈ ತೋರಿಸಿದ ಕಡೆ ಕಾವಲಿನ ಲೋಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕೈತುಂಬ ಮಸಿ. ಹೊಟ್ಟಿನ ಒಲೆ ಹಚ್ಚಿ ಉಳಿದ ಮರಿಗಳನ್ನು ಬದುಕಿಸಿದವಳು ಅವಳೇ.

ಉಜ್ಜಪ್ಪನಿಗೆ ಹೋದ ಜೀವ ಬಂದಂತಾಯಿತು. ಮಷಿನ್ ಚಾಲೂ ಆಗಿಲ್ಲವೆಂದ ಮೇಲೆ ತಂತಿಯ ಮಾತೇ ಏಳುವುದಿಲ್ಲ.

“ಉಜ್ಜಪ್ಪಣ್ಣ, ನೀನಾರ ಹೇಳು. ಹದಿನಾಲ್ಕು ವರ್ಷದಾಗೆ ಒಂದು ಮೊಟ್ಟೆ ಮುಟ್ಟೀನಾ ನಾನು?”

ಅವನು ಅವಳ ಮುಖ ನೋಡಲಿಲ್ಲ. “ಫ್ಯೂಸಿನ ತಾಮ್ರಕ್ಕೆ ಈಗ ಭಾಳ ರೇಟ್ ಐತಲ್ರೀ” ಎಂದ, ಸಣ್ಣಬೀರಪ್ಪನಿಗೆ.

ಅಷ್ಟು ಸಾಕಾಯಿತು. ಲೋಕಮ್ಮ ಬೀಗದ ಕೈಯನ್ನು ನೆಲದ ಮೇಲಿಟ್ಟು, ಊಟದ ಡಬ್ಬಿ ಎತ್ತಿಕೊಂಡು ಹೊರಟಳು.

ಉಜ್ಜಪ್ಪ ಥರ್ಮೋಸ್ಟಾಟಿನ ಮುಚ್ಚಳ ತೆಗೆದ. ಕಿತ್ತಳೆ ತಂತಿ ತನ್ನ ಜಾಗದಲ್ಲೇ ಇತ್ತು. ಜೋಡಣೆಯಲ್ಲಿ ಅವನು ಏನೂ ತಪ್ಪು ಮಾಡಿರಲಿಲ್ಲ. ಆದರೂ ಹೆದರಿಕೆಗೆ ಒಂದು ಮಾತು ಆಡಿಬಿಟ್ಟಿದ್ದ, ಹೆಂಗಸಿನ ಅನ್ನ ಹೋಯಿತು. ಗೇಟಿನಾಚೆ ಅವಳಿನ್ನೂ ಬಸ್ಸಿಗೆ ಕಾಯುತ್ತಿದ್ದಳು. ಕದ್ದಿದ್ದರೂ ಕದ್ದಿರಬಹುದು ಎಂದು ಸಮಾಧಾನ ಮಾಡಿಕೊಂಡ.

ಹೊಸ ಫ್ಯೂಸ್ ಹಿಡಿದು ಬಂದ ಸಣ್ಣಬೀರಪ್ಪ, “ಬೋರ್ಡಿಗೆ ಕರೆಂಟ್ ಬರ್ತೈತೇನು ಮೊದ್ಲು ನೋಡು” ಎಂದ.

ಟೆಸ್ಟರ್ ತೆಗೆಯಲು ಉಜ್ಜಪ್ಪ ಜೇಬಿಗೆ ಕೈ ಹಾಕಿದ. ಕೈಗೆ ಬಂದದ್ದು, ಕೆಲಸದ ನಡುವೆ ಯಾರೂ ಕರೆಂಟ್ ಹಾಕದಿರಲಿ ಎಂದು ನಿನ್ನೆ ತಾನೇ ಕಿತ್ತು ಜೋಪಾನ ಮಾಡಿದ್ದ ಫ್ಯೂಸ್.