ಹುಳಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಹೊಸ ಹುಣಸೆಹಣ್ಣಿನ ವಾಸನೆ ಬಂದರೆ ಈಗಲೂ ನನಗೆ ದೊಡ್ಡಗಾಜನೂರಿನ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ಆ ಮಧ್ಯಾಹ್ನ ತಾತ, ಅತ್ತೆ, ನಾನು ಕೂತು ಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಬೆರಳುಗಳೆಲ್ಲ ಅಂಟಂಟಾಗಿದ್ದವು. ಈರೋಡಿಗೆ ಹೋಗಿ ಇಂಗ್ಲಿಷ್ ಎಂ.ಎ. ಓದುತ್ತೇನೆಂದು ಅತ್ತೆ ಹಟ ಹಿಡಿದಾಗಿನಿಂದ ತಾತ ಮಗಳ ಜೊತೆ ಮಾತು ಬಿಟ್ಟಿದ್ದರು. ಹೆಣ್ಣುಮಗಳನ್ನು ಅಷ್ಟು ದೂರ ಕಳಿಸಲು ಅವರಿಗೆ ಮನಸ್ಸಿರಲಿಲ್ಲ.

ಆ ಮೌನ ತಡೆಯಲಾರದೆ ನಾನೇ ಕೇಳಿದೆ. ನಮ್ಮ ಕಡೆ ಮಾತಿನಲ್ಲಿ ಹಕಾರ ಬಿಟ್ಟುಹೋಗುತ್ತದೆ; ಹುಳಿಯನ್ನು ಉಳಿ, ಹೆಂಡವನ್ನು ಎಂಡ ಎನ್ನುವುದೇ ರೂಢಿ.

"ಅತ್ತೆ, ಉಳಿಗೆ ಇಂಗ್ಲಿಷಲ್ಲಿ ಏನಂತಾರೆ?"

"ಸೌರ್ ಅಂತಾರೆ, ಟಾರ್ಟ್ ಅಂತಾರೆ. ವಿನೆಗರ್ ಅಂದ್ರೆ ಮೊದ್ಲು ಉಳಿ ಬಂದ ದ್ರಾಕ್ಷಿ ಎಂಡ ಅಂತ. ಆಸಿಡ್ ಅನ್ನೋದು ಚೂಪು ಅನ್ನೋ ಅಳೇ ಮಾತಿಂದ ಬಂದದ್ದು ಕಣೆ."

ತಾತನ ಕೈ ನಿಂತಿತು. "ಚೂಪಾ?" ಎಂದರು, ನೆಲ ನೋಡುತ್ತಲೇ.

"ಊಂ ಅಪ್ಪಾ. ನಾಲ್ಗೆಗೆ ಚುಚ್ತದಲ್ಲ, ಅದ್ಕೆ."

"ನಮ್ದೂ ಅಂಗೇ ಕಣವ್ವ. ಸಾರಿಗೆ ಆಕೋದೂ ಉಳಿ, ಮರ ಕೆತ್ತೋದೂ ಉಳಿ!"

ಅತ್ತೆ ಅಂಟುಗೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹುಳಿಯೇ ಬೇರೆ, ಉಳಿಯೇ ಬೇರೆ ಎಂದು ಅವಳು ತಿದ್ದಲಿಲ್ಲ. ತಾತನಿಗೂ ನಗು ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು ಕೈ ತೊಳೆದು, ಟವಲು ಹೆಗಲಿಗೆ ಹಾಕಿಕೊಂಡು, "ಆ ಕಾಲೇಜಲ್ಲಿ ಆಸ್ಟಲ್ ಅದಾ?" ಎಂದು ಕೇಳಿದರು.

ಅತ್ತೆ ಹೌದೆಂದು ತಲೆಯಾಡಿಸಿದಳು.

"ಅನ್ನ ಸರ್ಯಾಗಿ ಆಕ್ತಾರೋ ಇಲ್ವೋ, ನಾನೇ ಬಂದು ನೋಡ್ತೀನಿ ಬುಡು."