ಬಸುರಿಯರಿಗೆ ಮಾತ್ರ

"ಮಷಿನ್ನು ತಂದಿದ್ದೀಯಲ್ಲ?" ಎಂದು ವಿನೋದಾ ಸಿಸ್ಟರ್ ಕೈ ಚಾಚಿದಾಗ, ಮೈಯ ಸಕ್ಕರೆ ಅಳೆಯುವ ಹೊಸ ಸೆನ್ಸರ್ ಹಚ್ಚುವುದಕ್ಕೇ ಕೇಳುತ್ತಿದ್ದಾರೆ ಎಂದುಕೊಂಡು ಚೇತನಾ ಅದನ್ನು ಚೀಲದಿಂದ ತೆಗೆದುಕೊಟ್ಟಳು. ರವಿಕೆಯ ತೋಳನ್ನು ತಾನೇ ಮೇಲೆ ಸರಿಸಿಕೊಂಡು ಕುಳಿತಳು. ತೋಳಿನ ಹಿಂಬದಿಗೆ ಅಂಟಿಸಿದ್ದ ಬಿಳಿ ಬಿಲ್ಲೆ ಅವಧಿ ಮುಗಿದು ನಿನ್ನೆಯೇ ಸುಮ್ಮನಾಗಿತ್ತು. ಸಿಸ್ಟರ್ ಅದನ್ನು ಮೆಲ್ಲಗೆ ಕಿತ್ತು, ಆ ಜಾಗವನ್ನು ಹತ್ತಿಯಿಂದ ಒರೆಸಿದರು. ಆಮೇಲೆ ರವಿಕೆಯ ತೋಳನ್ನು ಕೆಳಗೆ ಇಳಿಸಿಬಿಟ್ಟರು.

"ಹೊಸದು, ಸಿಸ್ಟರ್?"

"ಇಲ್ಲ ಮಾರಾಯ್ತಿ. ಇದು ಬಸುರಿಯರಿಗೆ ಮಾತ್ರ ಬರೂದು. ಮೇಲಿಂದ ಹಾಗೇ ಹೇಳಿ ಕಳಿಸ್ತಾರೆ. ನಿನ್ನ ಹೆಸರು ಆಗಲೇ ತೆಗೆದಾಗಿದೆ."

ಆರನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಎದೆಯ ಹಾಲು ಇನ್ನೂ ಪೂರ್ತಿ ಬತ್ತಿರಲಿಲ್ಲ. "ಬಸುರು ಹೋಯ್ತು ಸಿಸ್ಟರ್. ಸಕ್ಕರೆ ಕಾಯಿಲೆ ಎಲ್ಲಿ ಹೋಯ್ತು?" ಎಂದಳು ಚೇತನಾ.

ಸಿಸ್ಟರ್ ಕಿತ್ತ ಬಿಲ್ಲೆಯನ್ನು ಬುಟ್ಟಿಗೆ ಹಾಕಿದರು.

ಶಾಲೆಗೆ ಹೋಗುವ ವಯಸ್ಸಿನಿಂದ ಚೇತನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತ ಬಂದವಳು. ಮೊದಮೊದಲು ಸಕ್ಕರೆ ಇಳಿಯುವಾಗ ಕೈ ನಡುಗುತ್ತಿತ್ತು, ಮೈ ಬೆವರುತ್ತಿತ್ತು; ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿಕೊಳ್ಳುವಷ್ಟು ಪುರಸೊತ್ತು ಇರುತ್ತಿತ್ತು. ವರ್ಷಗಳು ಕಳೆದಂತೆ ದೇಹ ಆ ಸೂಚನೆ ಕೊಡುವುದನ್ನೂ ಬಿಟ್ಟಿತು. ಒಮ್ಮೆ ಹೇರೂರಿನ ತನ್ನ ಹೊಲಿಗೆ ಅಂಗಡಿಯಲ್ಲಿ ಮಷಿನ್ನಿನ ಮೇಲೆ ತಲೆಯಿಟ್ಟು ಎಚ್ಚರ ತಪ್ಪಿದ್ದಳು. ರವಿಕೆ ಒಯ್ಯಲು ಬಂದ ಹೆಂಗಸು, ಪಾಪ, ನಿದ್ದೆ ಬಂದಿದೆ ಎಂದು ಎಬ್ಬಿಸದೆ ಹೋಗಿದ್ದಳು. ಬಸುರಿಯಾದ ಮೇಲೆ ಆಸ್ಪತ್ರೆಯವರು ಸೆನ್ಸರ್ ಹಚ್ಚಿದರು. ಸಕ್ಕರೆ ಇಳಿಯತೊಡಗಿದರೆ ಸಾಕು, ಪಕ್ಕದಲ್ಲಿಟ್ಟ ಪುಟ್ಟ ಮಷಿನ್ನು ಕೂಗುತ್ತಿತ್ತು. ಆ ಕೆಲವು ತಿಂಗಳು ಅವಳು ಒಬ್ಬಳೇ ಬಾವಿಗೆ ಹೋದಳು, ಒಬ್ಬಳೇ ಬಸ್ಸು ಹತ್ತಿದಳು, ಬಾಗಿಲು ಹಾಕಿಕೊಂಡು ಸ್ನಾನ ಮಾಡಿದಳು.

ಸಿಸ್ಟರ್ ಮಷಿನ್ನನ್ನು ಒರೆಸಿ, ಹೊರಗೆ ಬೆಂಚಿನ ಮೇಲಿದ್ದ ಹುಡುಗಿಯನ್ನು ಕರೆದರು. ಚೊಚ್ಚಲ ಬಸುರಿ, ಹೊಟ್ಟೆ ಆಗಷ್ಟೇ ಕಾಣುತ್ತಿತ್ತು. ತೋಳಿಗೆ ಬಿಲ್ಲೆ ಹಚ್ಚಿಸಿಕೊಳ್ಳುವಾಗ ಅವಳು ಕಣ್ಣು ಬಿಗಿಯಾಗಿ ಮುಚ್ಚಿ ಚೇತನಾಳ ಕೈ ಹಿಡಿದುಕೊಂಡಳು.

"ಇದು ಕೂಗ್ತದಂತಲ್ಲ ಅಕ್ಕಾ? ನಂಗೆ ಹೆದರಿಕೆ."

"ಕೂಗಿದ್ರೆ ಹೆದರಬೇಡ ತಂಗಿ," ಚೇತನಾ ಹೇಳಿದಳು. "ಕೂಗದಿದ್ರೆ ಹೆದರಬೇಕು." ಗುಂಡಿ ಎಲ್ಲಿ, ಬಾಣದ ಗುರುತು ಕೆಳಗಾದರೆ ಏನರ್ಥ, ಎಲ್ಲವನ್ನೂ ತೋರಿಸಿಕೊಟ್ಟು ಎದ್ದಳು.

ವಿನೋದಾ ಸಿಸ್ಟರ್ ಜಗಲಿಯವರೆಗೂ ಹಿಂದೆಯೇ ಬಂದರು. "ಚೇತನಾ, ಡಾಕ್ಟರು ಹೇಳಿದ್ದು ಮರೀಬೇಡ. ಎರಡು ವರ್ಷ ಬಸುರಿನ ಸುದ್ದಿ ಬೇಡ. ನಿನ್ನ ಕಿಡ್ನಿ ತಡೆಯೂದಿಲ್ಲ. ಈ ಸಲ ನೀನು ಉಳಿದದ್ದೇ ದೊಡ್ಡದು. ಗಂಡನಿಗೂ ತಿಳಿಸಿ ಹೇಳು."

"ಆದ್ರೆ ಮತ್ತೆ ಕೊಡ್ತಾರಾ?"

"ಎಂತದು?"

"ಬಸುರಿ ಆದ್ರೆ. ಸೆನ್ಸರು."

ಸಿಸ್ಟರ್ ಅವಳ ಮುಖವನ್ನೇ ನೋಡಿದರು. "ಕೊಡೂದೇನೋ ಹೌದು... ಹುಚ್ಚಿ, ಹಾಗೆಲ್ಲ ಯೋಚನೆ ಮಾಡೂದಲ್ಲ," ಎಂದರು. ಒಳಗಿನಿಂದ ಯಾರೋ ಕರೆದರು. ಅವರು ಹೋದರು.

ಗೇಟಿನ ಹೊರಗೆ ಗಂಡ ಉದಯ ಬೈಕಿಗೆ ಒರಗಿ ನಿಂತಿದ್ದ. ಅವನದು ಲಗೇಜು ಗಾಡಿ ಓಡಿಸುವ ಕೆಲಸ. ಯಲ್ಲಾಪುರ, ಹುಬ್ಬಳ್ಳಿ ಎಂದು ವಾರದ ಅರ್ಧದಷ್ಟು ದಿನ ಮನೆಯಲ್ಲಿರುತ್ತಿರಲಿಲ್ಲ. ಮಗು ಹೋದ ಮೇಲೆ ಮನೆಯಲ್ಲಿದ್ದಾಗಲೂ ಇಲ್ಲದವನ ಹಾಗೇ ಇದ್ದ.

"ಹಚ್ಚಿದ್ರನೇ?"

"ಇಲ್ಲ. ಬಸುರಿಯರಿಗೆ ಮಾತ್ರವಂತೆ."

ಅವನು ಚಪ್ಪಲಿಯಿಂದ ನೆಲದ ಕಲ್ಲೊಂದನ್ನು ಒದ್ದ. ಶಿರಸಿಯ ಔಷಧಿ ಅಂಗಡಿಯಲ್ಲಿ ಒಮ್ಮೆ ಸೆನ್ಸರಿನ ರೇಟು ಕೇಳಿ ಬಂದವನು ಆಮೇಲೆ ಆ ಮಾತೆತ್ತಿರಲಿಲ್ಲ. ಈಗಲೂ ಎತ್ತಲಿಲ್ಲ. "ಮತ್ತೆಂತ ಹೇಳಿದ್ರು?" ಎಂದ.

"ಎಂತ ಇಲ್ಲ. ಮೈ ಚೆನ್ನಾಗಿ ಸುಧಾರಿಸಿದೆ ಅಂದ್ರು." ಚೇತನಾ ಸೆರಗನ್ನು ತೋಳಿನ ಮೇಲೆ ಎಳೆದುಕೊಂಡಳು. ರಸ್ತೆಯ ಕಡೆ ನೋಡುತ್ತಲೇ ಅಂದಳು: "ಇನ್ನೊಂದು ಸಲ ನೋಡುವಾ."

ಉದಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖ ಹೇಗೆ ಅರಳಿತೆಂದರೆ, ಚೇತನಾಳಿಗೆ ನೋಡಲಾಗಲಿಲ್ಲ.

"ಹೌದನೇ? ಆಸ್ಪತ್ರೆಯಿಂದ ಬಂದಾಗಿನಿಂದ ನೀನು ಮಾತೇ ಆಡ್ತಿರ್ಲಿಲ್ಲ. ಮಗು ಅಂದ್ರೇ ಬೇಡ ಆಗಿದೆ ನಿಂಗೆ ಅಂತ ಮಾಡಿದ್ದೆ."

ತನಗೆ ಬೇಕಾದದ್ದೇನೆಂದು ಅವಳು ಬಿಡಿಸಿ ಹೇಳಲಿಲ್ಲ. ಅವನ ಹೆಗಲು ಹಿಡಿದು ಬೈಕು ಹತ್ತಿದಳು. ಯಾವಾಗಲೂ ಹಾರಿಸಿಕೊಂಡು ಹೋಗುವ ಉದಯ, ಹೊಟ್ಟೆಯಲ್ಲಿ ಆಗಲೇ ಯಾರೋ ಬಂದು ಕುಳಿತಿರುವಂತೆ, ಹೇರೂರಿನ ದಾರಿಯುದ್ದಕ್ಕೂ ಒಂದೊಂದೇ ಗುಂಡಿ ತಪ್ಪಿಸುತ್ತ ಮೆಲ್ಲಗೆ ಬೈಕು ಬಿಟ್ಟ.