ಹನ್ನೊಂದನೇ ಪುಟದ ಕೊಲೆಗಾರ

ಕೊನೆಯ ಪುಟ ಮುಗಿಸಿದ ನಾರಾಯಣಮ್ಮ ಮತ್ತೆ ಹನ್ನೊಂದನೇ ಪುಟ ತೆಗೆದರು. ಅಲ್ಲಿ ಡಾಕ್ಟರನ ಹೆಸರಿನ ಪಕ್ಕ ಯಾರೋ ದಪ್ಪ ಪೆನ್ಸಿಲ್ಲಿನಲ್ಲಿ ‘ಇವನೇ ಕೊಲೆಗಾರ’ ಎಂದು ಗೀಚಿದ್ದರು. ಹನುಮಂತನಗರದ ಲೈಬ್ರರಿಯಿಂದ ತರುವ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಈ ಕಿಡಿಗೇಡಿತನ ಹೊಸದೇನಲ್ಲ. ಆದರೆ ಕಿಡಿಗೇಡಿಗಳು ಯಾವತ್ತೂ ಸರಿಯಾದ ಹೆಸರನ್ನೇ ಬರೆಯುತ್ತಿದ್ದರು. ಇಲ್ಲಿ ಕೊಂದವಳು ಅಡುಗೆಯವಳು. ಅಂದರೆ, ಬರೆದವರು ಪುಸ್ತಕ ಓದಿ ಮುಗಿಸಿಲ್ಲ.

ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸುತ್ತಿದ್ದ ಗಂಡ ಬೋರಣ್ಣ ಕಾಫಿಗೆಂದು ಇಳಿದು ಬಂದರು. ‘ಆ ದೊರೆಗಳ ಕೊಲೆ ಕಟ್ಕೊಂಡು ನಿಂಗೇನಾಗ್ಬೇಕು’ ಎಂದು ನಲವತ್ತು ವರ್ಷದಿಂದ ಆಡಿಕೊಳ್ಳುತ್ತಿದ್ದ ಮನುಷ್ಯ.

“ನೋಡ್ರೀ, ಯಾವನೋ ದಡ್ಡ ಪಾಪದ ಡಾಕ್ಟರ್ ಮೇಲೆ ಕೊಲೆ ಹೊರಿಸಿದಾನೆ,” ಎಂದರು ನಾರಾಯಣಮ್ಮ, ಪುಸ್ತಕದಿಂದ ಕಣ್ಣೆತ್ತದೆ.

“ದಡ್ಡ ಯಾಕಾಗ್ತಾನೆ? ವಿಷದ ಬಾಟ್ಲು ಅವನ ಬ್ಯಾಗಲ್ಲೇ ಸಿಕ್ತಲ್ಲ!”

ನಾರಾಯಣಮ್ಮ ನಿಧಾನಕ್ಕೆ ತಲೆಯೆತ್ತಿದರು. ಮುಖದ ತುಂಬ ನಗು. “ಅದನ್ನ ಅಲ್ಲಿಟ್ಟಿದ್ದು ಯಾರು ಗೊತ್ತಾ?”

“ಹೇಳ್ಬೇಡ ಕಣೇ! ನಂದಿನ್ನೂ ಮೂವತ್ತು ಪುಟ ಇದೆ!”

ಬೋರಣ್ಣ ಎರಡೂ ಕಿವಿ ಮುಚ್ಚಿಕೊಂಡರು. ಕಿವಿಗೆ ಸಿಕ್ಕಿಸಿಕೊಂಡಿದ್ದ ಮೇಸ್ತ್ರಿಯ ದಪ್ಪ ಪೆನ್ಸಿಲ್ ಟಪ್ಪನೆ ನೆಲಕ್ಕೆ ಬಿತ್ತು.